ಮುನಿರಾಜಣ್ಣ ಮಾಸ್ಕು ಬಿಡದ ವರ್ಷ

ಮೊನ್ನೆ ಭಾನುವಾರ ನಮ್ಮ ಮನೆಯವರು ಬಚ್ಚಲುಮನೆಯ ಕನ್ನಡಿಯ ಮುಂದೆ ನಿಂತು ಮೀಸೆಗೆ ಬಣ್ಣ ಹಚ್ಚಿಕೊಳ್ಳುತ್ತಿದ್ದರು. ಅದರ ಘಾಟು ಅಡುಗೆಮನೆಯವರೆಗೂ ಬಂತು. ಚಿತ್ರಾನ್ನಕ್ಕೆ ಒಗ್ಗರಣೆ ಹಾಕುತ್ತಿದ್ದ ನಾನು ಒಬ್ಬಳೇ ನಗತೊಡಗಿದೆ. ಏನಾಯಿತು ಅಂತ ಅಲ್ಲಿಂದಲೇ ಕೇಳಿದರು. ಏನೂ ಇಲ್ಲ, ಗಡಿಯಾರ ನೋಡಿಕೊಂಡು ತೊಳೆದುಕೊಳ್ಳಿ, ಮುನಿರಾಜಣ್ಣ ನೆನಪಾದರು ಅಂದೆ. ಮರುಗಳಿಗೆಯೇ ಒಳಗೆ ನಲ್ಲಿ ಜೋರಾಗಿ ಬಿಟ್ಟ ಸದ್ದು ಕೇಳಿಸಿತು.

ಮುನಿರಾಜಣ್ಣ ಅಬ್ಬಿಗೆರೆಯಲ್ಲಿ ನಮ್ಮ ಮನೆ ಓನರು. ನಾವು ಗದಗಿನ ಕಡೆಯವರು. ನಮ್ಮ ಮನೆಯವರಿಗೆ ಪೀಣ್ಯದ ಒಂದು ಕಾರ್ಖಾನೆಯಲ್ಲಿ ಕೆಲಸ, ನನಗೆ ಚಿಕ್ಕಬಾಣಾವರದ ಹತ್ತಿರ ಒಂದು ಕಾಲೇಜಿನ ಆಫೀಸಿನಲ್ಲಿ. ಕೊರೊನಾ ಎರಡನೇ ಅಲೆ ಇಳಿದ ಮೇಲೆ ಅವರ ನಾಲ್ಕಂತಸ್ತಿನ ಕಟ್ಟಡದಲ್ಲಿ ಎರಡನೇ ಮಹಡಿಗೆ ಬಾಡಿಗೆಗೆ ಬಂದೆವು. ಆ ಜಾಗದಲ್ಲಿ ಅವರ ಅಪ್ಪ ರಾಗಿ ಬೆಳೆಯುತ್ತಿದ್ದರಂತೆ, ಮುನಿರಾಜಣ್ಣ ಬಾಡಿಗೆ ಬೆಳೆಯುತ್ತಿದ್ದರು. ಕೆಳಗಿನ ಮನೆಯಲ್ಲಿ ಅವರು, ಹೆಂಡತಿ ಗೌರಮ್ಮ, ಮಗಳು ಪಲ್ಲವಿ, ಮತ್ತು ಬೀದಿಯವರೆಲ್ಲ ತಾತ ಅಂತಲೇ ಕರೆಯುವ ಅವರ ಅಪ್ಪ.

ಮಾಸ್ಕಿನ ಕಾಲದಲ್ಲಿ ಊರು ಬದಲಾಯಿಸಬಾರದು ನೋಡಿ. ಬೀದಿಯಲ್ಲಿ ನನಗೆ ಪರಿಚಯವಾದವರೆಲ್ಲ ಮೂಗಿನಿಂದ ಮೇಲಕ್ಕೆ ಮಾತ್ರ. ಹಾಲಿನವನು, ಇಸ್ತ್ರಿಯವನು, ಎದುರುಮನೆಯ ರಿಟೈರ್ಡ್ ಮೇಷ್ಟ್ರು, ಯಾರ ಬಾಯಿಯನ್ನೂ ನಾನು ಕಂಡವಳಲ್ಲ. ಮುಖ ಪೂರ್ತಿ ಗೊತ್ತಿದ್ದದ್ದು ಮುನಿರಾಜಣ್ಣನದು ಒಂದೇ, ಯಾಕೆಂದರೆ ಅವರು ಮಾಸ್ಕನ್ನು ಗದ್ದಕ್ಕೆ ಹಾಕುತ್ತಿದ್ದರು. ಮೇಲಕ್ಕೆ ಎಳೆದರೆ ಮೀಸೆ ಮುದುಡಿ ಹೋಗುತ್ತದೆ ಅನ್ನುವುದು ಅವರ ತಕರಾರು. ಮೀಸೆಯೂ ಹಾಗೇ ಇತ್ತು ಬಿಡಿ. ಗಣೇಶನ ಹಬ್ಬಕ್ಕೆ ಸರ್ಕಲ್ಲಿನಲ್ಲಿ ಹಾಕಿಸುವ ಫ್ಲೆಕ್ಸಿನಲ್ಲಿ ಗಣೇಶನಿಗಿಂತ ಇವರ ಮೀಸೆಯೇ ಎದ್ದು ಕಾಣುತ್ತಿತ್ತು. ಮಾರ್ಷಲ್‌ಗಳು ಹಿಡಿದು ದಂಡ ಹಾಕಲು ಬಂದರೆ, ಹಾಕಿದ್ದೀನಲ್ಲಪ್ಪ, ಎಲ್ಲಿ ಹಾಕಬೇಕು ಅಂತ ಸರ್ಕಾರ ಅಳತೆ ಕೊಟ್ಟಿದೆಯಾ ಅಂತ ವಾದಕ್ಕೆ ನಿಲ್ಲುತ್ತಿದ್ದರು.

ಇಂಥ ಮನುಷ್ಯ ಸಂಕ್ರಾಂತಿ ಕಳೆದು ಕೆಲವು ದಿನಕ್ಕೆ ಇದ್ದಕ್ಕಿದ್ದಂತೆ ಬದಲಾದರು. ಬೆಳಿಗ್ಗೆ ಆಫೀಸಿಗೆ ಇಳಿಯುತ್ತೇನೆ, ಗೇಟಿನ ಹತ್ತಿರ ಬಿಳಿಯ ದಪ್ಪ ಮಾಸ್ಕು ಕಣ್ಣಿನ ಬುಡದವರೆಗೂ ಏರಿಸಿಕೊಂಡು ನಿಂತಿದ್ದಾರೆ. ಕೈಯಲ್ಲಿ ಸ್ಯಾನಿಟೈಸರ್ ಬಾಟಲಿ. ಗೇಟಿಗೆ ‘ಮಾಸ್ಕ್ ಇಲ್ಲದವರಿಗೆ ಪ್ರವೇಶವಿಲ್ಲ’ ಅಂತ ಹೊಸ ಬೋರ್ಡು. ನನ್ನ ಮಾಸ್ಕು ಒಂದಿಷ್ಟು ಜಾರಿದ್ದಕ್ಕೆ, ಎಚ್ಚರಿಕೆ ಇರಲಿ ಕಣಮ್ಮ, ಮನೆಯಲ್ಲಿ ವಯಸ್ಸಾದವರಿದ್ದಾರೆ ಅಂತ ಬುದ್ಧಿ ಹೇಳಿದರು. ಮೆಟ್ಟಿಲಿಳಿದು ಬಂದ ನಮ್ಮ ಮನೆಯವರು ಅವರನ್ನು ಗುರುತೇ ಹಿಡಿಯದೆ, ಹೊಸ ವಾಚ್‌ಮನ್ ಬಂದಾನೇನು ಅಂತ ನನ್ನನ್ನು ಕೇಳಿದರು.

ತಾತನ ಮೇಲಿನ ಕಾಳಜಿ ಇರಬೇಕು ಅಂದುಕೊಂಡೆವು. ಎರಡನೇ ಅಲೆಯಲ್ಲಿ ತಾತ ಆಸ್ಪತ್ರೆ ಸೇರಿ, ಇನ್ನಿಲ್ಲ ಅನ್ನುವಷ್ಟಾಗಿ, ಬಂಧುಬಳಗವೆಲ್ಲ ಮನಸ್ಸಿನಲ್ಲೇ ಅತ್ತು ಮುಗಿಸಿದ ಮೇಲೆ ಎದ್ದು ಕೂತು ಕಾಫಿ ಕೇಳಿದ್ದರಂತೆ. ಹೀಗೆ ವಾಪಸು ಬಂದವರ ಮೇಲೆ ಮಗನಿಗೆ ಜೀವ ಇರುವುದು ಸಹಜವೇ. ಆದರೆ ಊರಿಗೆಲ್ಲ ಭಯ ಇದ್ದಾಗ ಇಲ್ಲದ ಕಾಳಜಿ, ಊರೇ ಭಯ ಬಿಡುತ್ತಿರುವಾಗ ಯಾಕೆ ಬಂತು ಅನ್ನುವುದು ಮಾತ್ರ ಬಗೆಹರಿಯಲಿಲ್ಲ.

ಬಗೆಹರಿಸಿದವರು ಗೌರಮ್ಮ. ಒಂದು ದಿನ ಟೆರೇಸಿನ ಮೇಲೆ ಸಂಡಿಗೆ ಇಡುತ್ತಿದ್ದರು, ನಾನು ಬಟ್ಟೆ ಒಣಹಾಕಲು ಹೋಗಿದ್ದೆ. ಗೌರಮ್ಮನ ಹೊಟ್ಟೆಯಲ್ಲಿ ಗುಟ್ಟು ನಿಲ್ಲುವುದು ಜರಡಿಯಲ್ಲಿ ನೀರು ನಿಂತಷ್ಟೇ. ಯಾರಿಗೂ ಹೇಳಬಾರದು ಅಂತ ಕೈಮೇಲೆ ಕೈ ಹಾಕಿಸಿಕೊಂಡು, ಹಿಟ್ಟಿನ ಕೈಯಲ್ಲೇ, ಎಲ್ಲ ಹೇಳಿಬಿಟ್ಟರು.

ಸಂಕ್ರಾಂತಿ ಆದ ವಾರ ಪಲ್ಲವಿಯನ್ನು ನೋಡಲು ಮಾಕಳಿಯಿಂದ ಗಂಡಿನ ಕಡೆಯವರು ಬಂದಿದ್ದರು. ಹುಡುಗ ಒಪ್ಪಿಗೆಯಾದ, ಯುಗಾದಿ ಕಳೆದ ಮೇಲೆ ನಿಶ್ಚಿತಾರ್ಥ ಅಂತಾಯಿತು. ಅವತ್ತು ತೆಗೆದ ಫೋಟೋ ಫೋನಿನಲ್ಲಿ ಬಂತು. ಅದರಲ್ಲಿ ಹುಡುಗನ ಅಪ್ಪ ಕಪ್ಪು ತಲೆ, ಕಪ್ಪು ಮೀಸೆ. ಪಕ್ಕದಲ್ಲಿ ನಮ್ಮ ಮುನಿರಾಜಣ್ಣ ನರೆತ ಮೀಸೆ ಹೊತ್ತು, ಬೀಗರಿಗೇ ಅಪ್ಪನ ಹಾಗೆ ಕೂತಿದ್ದರು. ಅದನ್ನು ನೋಡಿ ನೋಡಿ ಮನಸ್ಸು ಕೆಟ್ಟು ಮೀಸೆಗೆ ಹಚ್ಚುವ ಬಣ್ಣ ತಂದರು. ತಂದದ್ದೇನೋ ಸರಿ, ಆದರೆ ಹಚ್ಚಿಕೊಂಡು ಕೂರುವುದು ಎಲ್ಲಿ? ತಾತನಿಗೆ ಬಣ್ಣ ಹಚ್ಚುವವರನ್ನು ಕಂಡರಾಗದು. ನರೆ ಅನ್ನುವುದು ಮರ್ಯಾದೆ, ಅದಕ್ಕೆ ಟಾರು ಬಳಿಯುವವನು ಗಂಡಸಾ ಅಂತ ಊರಿನವರ ಮುಂದೆಯೇ ಅನ್ನುವ ಮುದುಕ.

ಕಪ್ಪಾದ ಮೇಲೆ ಬೈದರೂ ಬೈಯಲಿ, ಹಚ್ಚುವಾಗ ಕಂಡು ತಡೆಯದಿದ್ದರೆ ಸಾಕು ಅಂತ ಮುನಿರಾಜಣ್ಣ ಉಪಾಯ ಮಾಡಿದರು. ಮೀಸೆಗೆ ಬಣ್ಣ ಮೆತ್ತಿ, ಅದರ ಮೇಲೆ ಆ ದಪ್ಪ ಮಾಸ್ಕು ಬಿಗಿದು, ಏನೂ ಆಗಿಲ್ಲದವರ ಹಾಗೆ ತಾತನ ಎದುರಿಗೇ ಕೂತು ಪೇಪರು ಓದಿದರು. ಅಷ್ಟರಲ್ಲಿ ನೀರಿನ ಟ್ಯಾಂಕರ್ ಬಂತು. ಟ್ಯಾಂಕರಿನವನು ಗೇಟಿಗೆ ಗುದ್ದಿದ, ಜಗಳವಾಯಿತು, ವೆಲ್ಡಿಂಗ್‌ನವನನ್ನು ಕರೆಸಿದ್ದಾಯಿತು. ತುಟಿ ಉರಿದಾಗೆಲ್ಲ ಬಣ್ಣ ಹಿಡಿಯುತ್ತಿದೆ ಅಂತ ಸಂತೋಷಪಟ್ಟರಂತೆ. ಮಧ್ಯಾಹ್ನ ಊಟಕ್ಕೆ ಕೂತಾಗ ಮಾಸ್ಕು ತೆಗೆದರೆ ಮೇಲ್ತುಟಿ ಬದನೆಕಾಯಿಯಾಗಿತ್ತು.

ದಾಸರಹಳ್ಳಿಯ ಚರ್ಮದ ಡಾಕ್ಟರು ನೋಡಿ, ಮೀಸೆ ಬೋಳಿಸದೆ ಮುಲಾಮು ಹಚ್ಚಲು ಆಗುವುದಿಲ್ಲ, ಬಿಟ್ಟರೆ ಕೀವಾಗುತ್ತದೆ ಅಂದರು. ಮುನಿರಾಜಣ್ಣ ಅಲ್ಲೇ ಕುರ್ಚಿ ಹಿಡಿದುಕೊಂಡು ಅತ್ತರು ಅಂತ ಗೌರಮ್ಮ ಹೇಳಿದಾಗ ನನಗೆ ಅರ್ಥವಾಗಲಿಲ್ಲ. ಮೀಸೆ ಹೋಯಿತು ಅಂತ ನಮ್ಮ ಮನೆಯಲ್ಲಿ ಯಾರೂ ಇಷ್ಟು ಮನಸ್ಸಿಗೆ ಹಚ್ಚಿಕೊಂಡವರಲ್ಲ.

“ಮೀಸಿ ಹೋದ್ರ ಹೋಗ್ಲಿ ಬಿಡ್ರಿ ಗೌರಮ್ಮಾರ, ಮತ್ತ ಬೆಳೀತೈತಿ,” ಅಂದೆ.

ಗೌರಮ್ಮ ನನ್ನನ್ನು ದುರುಗುಟ್ಟಿ ನೋಡಿದರು. “ಅಂಗನ್ಬೇಡ ಕಣವ್ವ. ನಮ್ಮಲ್ಲಿ ಅಪ್ಪ ಬದ್ಕಿರೋ ಗಂಟ ಮಗ ಮೀಸೆ ತೆಗ್ಸಂಗಿಲ್ಲ. ತೆಗ್ಸೋದು ಅಪ್ಪ ತೀರೋದ್ ದಿವ್ಸ. ಮಾವ ಈ ಮೊಖ ನೋಡುದ್ರೆ ತನ್ ತಿಥಿ ತಾನೇ ನೋಡ್ದಂಗೆ. ಮೊದ್ಲೇ ಸಾವಿನ ಬಾಗ್ಲು ತಟ್ಟಿ ಬಂದಿರೋ ಜೀವ.”

ಆಗ ತಿಳಿಯಿತು. ಡಾಕ್ಟರ ಕ್ಲಿನಿಕ್ಕಿನಲ್ಲಿ ಮೀಸೆ ಬೋಳಿಸುವಷ್ಟು ಹೊತ್ತೂ ಮುನಿರಾಜಣ್ಣ ಅಪ್ಪನಿಗೆ ಫೋನು ಮಾಡಿ, ಮಾತಾಡುತ್ತಲೇ ಇರಪ್ಪ ಅಂತ ಕಿವಿಗೆ ಒತ್ತಿಕೊಂಡು ಕೂತಿದ್ದರಂತೆ. ಕತ್ತಿ ಆಡುವಾಗ ಅಪ್ಪ ಬದುಕಿದ್ದಾರೆ ಅನ್ನುವುದಕ್ಕೆ ಸಾಕ್ಷಿ ಬೇಕಲ್ಲ. ಆ ಕಡೆ ತಾತ ತಲೆಬುಡ ತಿಳಿಯದೆ, ತೆಂಗಿನಮರಕ್ಕೆ ಹತ್ತಿದ ಹುಳ, ಎದುರುಮನೆ ಮೇಷ್ಟ್ರ ಮಂಡಿನೋವು, ಹೀಗೆ ಬಾಯಿಗೆ ಬಂದದ್ದೆಲ್ಲ ಮಾತಾಡಿದರಂತೆ. ಕೇಳಿ ನಗು ಬಂತು. ನಕ್ಕು ಮುಗಿಸುವ ಹೊತ್ತಿಗೆ ಆ ಮನುಷ್ಯನ ಮೇಲೆ ನನಗೆ ಪ್ರೀತಿಯೂ ಹುಟ್ಟಿಬಿಟ್ಟಿತ್ತು.

ನಿಶ್ಚಿತಾರ್ಥದೊಳಗೆ ಬೆಳೆಯುತ್ತದೆ, ಅಲ್ಲಿಯವರೆಗೆ ಮಾಸ್ಕು ಹಾಕಿಕೊಂಡು ಕಾಲ ತಳ್ಳಿದರೆ ಆಯಿತು ಅನ್ನುವುದು ಅವರ ಲೆಕ್ಕ. ಅಪ್ಪನಿಗೆ ಸೋಂಕು ತಗಲಬಾರದು ಅನ್ನುವ ನೆಪವೂ ಗಟ್ಟಿಯಾಗಿಯೇ ಇತ್ತು. ಆದರೆ ಮೀಸೆ ಎಡಗಡೆ ಅಷ್ಟಿಷ್ಟು ಬೆಳೆಯಿತು, ಬಲಗಡೆ ಬೆಳೆಯಲಿಲ್ಲ. ಸುಟ್ಟ ಚರ್ಮ, ನಿಧಾನವಾಗುತ್ತದೆ ಅಂದರು ಡಾಕ್ಟರು. ಇಷ್ಟು ಸಾಲದು ಅಂತ ಅದೇ ಹೊತ್ತಿಗೆ ಸರ್ಕಾರಗಳು ಒಂದೊಂದೇ ನಿರ್ಬಂಧ ತೆಗೆಯತೊಡಗಿದವು. ರಾತ್ರಿ ಕರ್ಫ್ಯೂ ಹೋಯಿತು, ಮದುವೆಗೆ ಇಷ್ಟೇ ಜನ ಅನ್ನುವುದು ಹೋಯಿತು. ಆಮೇಲೆ ಅಲ್ಲೆಲ್ಲೋ ಮಾಸ್ಕು ಬೇಡ ಅಂದರಂತೆ, ಇಲ್ಲೂ ಇನ್ನು ದಂಡ ಇಲ್ಲವಂತೆ ಅಂತ ಸುದ್ದಿ ಹಬ್ಬಿತು.

ಹಾಕಬೇಕಾಗಿಲ್ಲ ಅಂದರೋ, ಹಾಕಿದರೆ ಒಳ್ಳೆಯದು ಅಂದರೋ, ಯಾರಿಗೂ ಸರಿಯಾಗಿ ತಿಳಿದಿರಲಿಲ್ಲ. ತಮಗೆ ಬೇಕಾದದ್ದನ್ನು ಕೇಳಿಸಿಕೊಂಡರು ಅಷ್ಟೆ. ಮೂರನೇ ಮಹಡಿಯ ಜಿಮ್ ಪ್ರಕಾಶ ಅವತ್ತೇ ಮಾಸ್ಕನ್ನು ಬೈಕಿನ ಹ್ಯಾಂಡಲ್ಲಿಗೆ ಕಟ್ಟಿ ಧೂಳು ಒರೆಸಲು ಇಟ್ಟುಕೊಂಡ. ಎದುರುಮನೆ ಮೇಷ್ಟ್ರು, ಸರ್ಕಾರ ಹೇಳಿದರೆ ವೈರಸ್ಸು ಕೇಳುತ್ತದಾ ಅಂತ ಎರಡು ಹಾಕಿಕೊಳ್ಳತೊಡಗಿದರು. ಹಾಲಿನವನು ತೆಗೆದ. ಇಷ್ಟು ದಿನ ನಾನು ಏನಪ್ಪ ತಮ್ಮಾ ಅಂತ ಮಾತಾಡಿಸುತ್ತಿದ್ದವನಿಗೆ ಮುಂದಿನ ಹಲ್ಲು ಒಂದೂ ಇಲ್ಲ, ಮೊಮ್ಮಕ್ಕಳಿದ್ದಾರಂತೆ. ನಾಚಿಕೆಯಾಗಿ ಒಂದು ವಾರ ಹಾಲು ತರಲು ನಮ್ಮ ಮನೆಯವರನ್ನೇ ಕಳಿಸಿದೆ.

ನಮ್ಮ ಕಾಲೇಜಿನಲ್ಲಿ ಮಾಸ್ಕು ತೆಗೆಯಲು ಒಪ್ಪದ ಹುಡುಗ ಹುಡುಗಿಯರೇ ಇದ್ದರು. ಹಲ್ಲಿಗೆ ತಂತಿ ಹಾಕಿಸಿಕೊಂಡವರು, ಮೊಡವೆ ಎದ್ದವರು, ಎರಡು ವರ್ಷ ಕಣ್ಣಿನಲ್ಲೇ ಒಬ್ಬರನ್ನೊಬ್ಬರು ಮೆಚ್ಚಿಕೊಂಡು ಈಗ ಉಳಿದರ್ಧ ತೋರಿಸಲು ಹೆದರುವವರು. ಕ್ಯಾಂಟೀನಿನಲ್ಲಿ ಒಬ್ಬಳು ತನ್ನ ಗೆಳತಿಗೆ, ಇವನು ಇನ್ನು ನಾಲ್ಕು ದಿನ ಹಾಕಿಕೊಂಡಿದ್ದರೆ ಚೆನ್ನಾಗಿತ್ತು ಕಣೇ ಅನ್ನುತ್ತಿದ್ದದ್ದನ್ನು ನಾನೇ ಕೇಳಿದ್ದೇನೆ. ನನಗೂ ಗುಟ್ಟಾಗಿ ಬೇಸರವೇ ಆಗಿತ್ತು. ಪ್ರಿನ್ಸಿಪಾಲರು ಭಾಷಣ ಮಾಡುವಾಗ ಆರಾಮಾಗಿ ಆಕಳಿಸುವ ಸುಖ ಇನ್ನು ಇಲ್ಲವಲ್ಲ ಅಂತ.

ಮುನಿರಾಜಣ್ಣನಿಗೆ ಆಗಿದ್ದು ಮಾತ್ರ ಬೇಸರವಲ್ಲ, ಸಂಕಟ. ಬೆಳಗಾದರೆ ಟೀವಿ ಮುಂದೆ ಕೂತು ಯಾವ ದೇಶದಲ್ಲಿ ಕೇಸು ಜಾಸ್ತಿಯಾಗಿದೆ ಅಂತ ಹುಡುಕುತ್ತಿದ್ದರು. ಎಲ್ಲೋ ದೂರದ ಊರಿನಲ್ಲಿ ಹೊಸ ತಳಿ ಬಂತು ಅಂದರೆ ಕಣ್ಣಿಗೆ ಕಳೆ ಬರುತ್ತಿತ್ತು. ಗೇಟಿನಲ್ಲಿ ನನ್ನನ್ನು ನಿಲ್ಲಿಸಿ, ನೋಡಿದ್ಯಾ ಕಣಮ್ಮ, ನಾನು ಹೇಳಲಿಲ್ವಾ ಅಂತ ಖುಷಿಯಲ್ಲಿ ಹೇಳುತ್ತಿದ್ದರು. ಗೌರಮ್ಮ ಪೇಟೆಯಿಂದ ನಾಟಕದವರ ಮೀಸೆ ಒಂದನ್ನು ತರಿಸಿದ್ದೂ ಆಯಿತು. ಅದನ್ನು ಅಂಟಿಸಿಕೊಂಡು ಟೆರೇಸಿಗೆ ಬಂದಾಗ ಮುನಿರಾಜಣ್ಣ ಥೇಟು ದುರ್ಯೋಧನ. ಅಂಟು ತಗಲಿ ತುಟಿ ಮತ್ತೆ ಉರಿದು, ದುರ್ಯೋಧನ ಅಯ್ಯಯ್ಯೋ ಅನ್ನುತ್ತ ನಲ್ಲಿ ಹುಡುಕಿಕೊಂಡು ಓಡಿದ.

ಗೇಟಿನ ಬೋರ್ಡು ತೆಗೆಯಬೇಕು ಅಂತ ಪ್ರಕಾಶ ಪಟ್ಟು ಹಿಡಿದಾಗ ಒಂದು ಭಾನುವಾರ ಪಾರ್ಕಿಂಗಿನಲ್ಲಿ ಬಾಡಿಗೆದಾರರ ಸಭೆಯೇ ಆಯಿತು. ಸರ್ಕಾರಕ್ಕಿಂತ ದೊಡ್ಡವರಾ ನೀವು ಅಂತ ಪ್ರಕಾಶ. ಮನೆ ನಂದು, ಮೂಗು ನಿಂದು, ಎರಡೂ ಮುಚ್ಚಿಕೊಂಡಿರಬೇಕು ಅಂತ ಮುನಿರಾಜಣ್ಣ. ಎದುರುಮನೆ ಮೇಷ್ಟ್ರು ಕರೆಯದಿದ್ದರೂ ಬಂದು ಮುನಿರಾಜಣ್ಣನ ಪರವಾಗಿ ದೀರ್ಘವಾಗಿ ಮಾತಾಡಿದರು. ಎರಡು ಮಾಸ್ಕಿನ ಒಳಗಿಂದ ಒಂದಕ್ಷರವೂ ಹೊರಗೆ ಬರಲಿಲ್ಲ. ಕೊನೆಗೆ ನನ್ನ ಅಭಿಪ್ರಾಯ ಕೇಳಿದರು. ಗುಟ್ಟು ಬಲ್ಲವಳ ಪಾಡು ಅಡಕತ್ತರಿಯಲ್ಲಿ ಸಿಕ್ಕ ಅಡಿಕೆಯದು. ಮಾಸ್ಕು ಇರಲಿ ಅಂದೆ. ಓದಿದೋರೇ ಇಂಗಂದ್ರೆ ಎಂಗಕ್ಕಾ ಅಂತ ಪ್ರಕಾಶ ತಲೆ ಚಚ್ಚಿಕೊಂಡ. ನಮ್ಮ ಮನೆಯವರು ಅವತ್ತು ರಾತ್ರಿಯೆಲ್ಲ ನನ್ನನ್ನು ಪುಕ್ಕಲಿ ಅಂತ ಛೇಡಿಸಿದರು. ಗೌರಮ್ಮನಿಗೆ ಕೊಟ್ಟ ಮಾತಿಗೆ ಕಟ್ಟುಬಿದ್ದು ಅದನ್ನೂ ನುಂಗಿಕೊಂಡೆ.

ನಗೆಯಾಟ ಅಲ್ಲಿಗೆ ನಿಂತಿತು. ಯುಗಾದಿಗೆ ಒಂದು ವಾರ ಇರುವಾಗ ನಾನು ಆಫೀಸಿನಿಂದ ಬರುತ್ತಿದ್ದೆ. ತಾತ ಗೇಟಿನ ಪಕ್ಕದ ಹೊಂಗೆಮರದ ಕೆಳಗೆ ಕಲ್ಲುಬೆಂಚಿನ ಮೇಲೆ ಒಬ್ಬರೇ ಕೂತಿದ್ದರು. ಬೆಳ್ಳಗೆ ಸೊಂಪಾದ ಮೀಸೆ, ಹೆಗಲ ಮೇಲೆ ಟವಲು. ಕೈಸನ್ನೆ ಮಾಡಿ ಹತ್ತಿರ ಕರೆದರು.

“ನೀನು ಆಪೀಸ್ನಾಗಿರೋಳು, ಸುಳ್ಳೇಳ್ಬ್ಯಾಡ,” ಅಂದರು. “ನನ್ ರಿಪೋಲ್ಟು ಬಂತಾ?”

ಯಾವ ರಿಪೋರ್ಟು ತಾತ ಅಂದೆ. ತಾತ ಸಮಾಧಾನವಾಗಿಯೇ ವಿವರಿಸಿದರು. ಊರಿನವರೆಲ್ಲ ಮಾಸ್ಕು ತೆಗೆದಿದ್ದಾರೆ. ಸೊಸೆ ತೆಗೆದಿದ್ದಾಳೆ, ಮೊಮ್ಮಗಳು ತೆಗೆದಿದ್ದಾಳೆ. ಮಗ ಒಬ್ಬನೇ ತನ್ನ ಎದುರಿಗೆ ಬರುವಾಗ ಕಣ್ಣಿನವರೆಗೂ ಮುಚ್ಚಿಕೊಂಡು ಬರುತ್ತಾನೆ, ದೂರ ಕೂರುತ್ತಾನೆ, ಊಟಕ್ಕೆ ಜೊತೆಗೆ ಕೂರುವುದನ್ನೇ ಬಿಟ್ಟಿದ್ದಾನೆ. ಅಂದರೆ ಆ ರೋಗ ತನಗೆ ಮತ್ತೆ ಬಂದಿದೆ, ಮನೆಯವರು ಮುಚ್ಚಿಡುತ್ತಿದ್ದಾರೆ. ಈ ಸಲ ಆಸ್ಪತ್ರೆಗೆ ಬೇಡ, ಮನೆಯಲ್ಲೇ ಬಿಡಿ ಅಂತ ಅವನಿಗೆ ಹೇಳು ಅಂದರು. ಪಲ್ಲವಿಯ ನಿಶ್ಚಿತಾರ್ಥ ಮುಗಿಯುವವರೆಗೆ ಹೇಗಾದರೂ ಉಸಿರು ಹಿಡಿದುಕೊಂಡಿರುತ್ತೇನೆ ಅಂತಲೂ ಹೇಳಿದರು. ಏನೂ ಬಂದಿಲ್ಲ ತಾತ, ನೀವು ಗಟ್ಟಿ ಇದ್ದೀರಿ ಅಂದೆ. ಎಲ್ಲರೂ ಹಾಗೇ ಹೇಳುತ್ತಾರೆ ಅಂತ ತಾತ ಆ ಕಡೆ ಮುಖ ತಿರುಗಿಸಿದರು.

ಎಂಥ ವಿಪರೀತ ನೋಡಿ. ಅಪ್ಪ ಸಾವಿನ ಯೋಚನೆ ಮಾಡಬಾರದು ಅಂತ ಮಗ ಮುಖ ಮುಚ್ಚಿಕೊಂಡರೆ, ಮುಚ್ಚಿಕೊಂಡದ್ದಕ್ಕೇ ಅಪ್ಪ ಸಾಯಲು ತಯಾರಾಗಿ ಕೂತಿದ್ದರು. ನಾನು ಸೀದಾ ಒಳಗೆ ಹೋಗಿ ಗೌರಮ್ಮನಿಗೂ ಮುನಿರಾಜಣ್ಣನಿಗೂ ಎಲ್ಲ ಹೇಳಿದೆ. ತಾತ ಮುದ್ದೆ ಅರ್ಧಕ್ಕೇ ಬಿಟ್ಟು ಏಳುತ್ತಿರುವುದು ಇದಕ್ಕೇನಾ ಅಂತ ಗೌರಮ್ಮ ಸೆರಗು ಬಾಯಿಗೆ ಒತ್ತಿಕೊಂಡರು. ತೆಗೆದು ತೋರಿಸಿಬಿಡಿ ಅಂದೆ. ಮುನಿರಾಜಣ್ಣ ಸೋಫಾದ ಮೇಲೆ ಕುಸಿದು ಕೂತು, ಇದನ್ನು ನೋಡಿದರೆ ನಿಜವಾಗಲೂ ಹೋಗಿಬಿಡುತ್ತಾರೆ ಕಣಮ್ಮ, ಇನ್ನೊಂದು ಸ್ವಲ್ಪ ಬೆಳೆಯಲಿ ಅಂದರು. ನನಗೆ ಸಿಟ್ಟು ಬಂತು. ನಿಮ್ಮ ಮೀಸೆ ಬೆಳೆಯುವಷ್ಟರಲ್ಲಿ ತಾತ ಒಣಗಿ ಹೋಗುತ್ತಾರೆ ಅಂತ ಅಂದುಬಿಟ್ಟೆ. ಬಾಡಿಗೆದಾರಳ ಬಾಯಲ್ಲಿ ಬರುವ ಮಾತಲ್ಲ ಅದು, ಆದರೂ ಅಂದೆ.

ಯುಗಾದಿ ಬಂತು. ಆ ಮನೆಯಲ್ಲಿ ಬೇವುಬೆಲ್ಲವನ್ನು ಕೈಗೆ ಕೊಡುವ ಪದ್ಧತಿ ಇಲ್ಲ. ಪೂಜೆಯಾದ ಮೇಲೆ ಮನೆಯ ಹಿರಿಯರು ಕೂತು, ಒಬ್ಬೊಬ್ಬರನ್ನೇ ಹತ್ತಿರ ಕರೆದು, ತಾವೇ ಬಾಯಿಗೆ ಹಾಕಬೇಕು. ಬಾಡಿಗೆಯವರೂ ಹೋಗಿ ಹಾಕಿಸಿಕೊಂಡು ಬರುವುದು ಅಲ್ಲಿಯ ರೂಢಿ. ನಾವಿಬ್ಬರೂ ಕೆಳಗೆ ಹೋದಾಗ ತಾತ ಹೊಸ ಪಂಚೆ ಉಟ್ಟು ನಡುಮನೆಯಲ್ಲಿ ಕೂತಿದ್ದರು. ಮುಖ ಇಳಿದಿತ್ತು. ಗೌರಮ್ಮನಿಗೆ ಹಾಕಿದರು, ಪಲ್ಲವಿಗೆ ಹಾಕಿದರು, ನಮಗೂ ಹಾಕಿದರು. ಕೊನೆಗೆ ಮುನಿರಾಜಣ್ಣ ಬಂದು, ಮಾಸ್ಕು ಹಾಕಿಕೊಂಡೇ ಮಂಡಿಯೂರಿ, ಎರಡೂ ಕೈ ಚಾಚಿದರು.

“ಕೈಗಲ್ಲ ಕಣ್ಲಾ,” ಅಂದರು ತಾತ. “ಬಾಯ್ ತೆಗಿ.”

“ಆಮೇಕೆ ತಿಂತೀನಿ ಕೊಡಪ್ಪ.”

ತಾತನ ಕೈ ಹಾಗೇ ನಿಂತಿತು. “ಆಸ್ಪತ್ರೇಲಿ ಕಣ್ ಬುಟ್ಟಾಗೆಲ್ಲ ಬರೀ ಕಣ್ಣೇ ಕಾಣ್ತಿದ್ದೊ. ಡಾಕ್ಟ್ರೋ ಯಮನೋ ಗೊತ್ತಾಯ್ತಿರ್ನಿಲ್ಲ. ಮಗನ್ ಮೊಖ ಒಂದ್ಸಲ ನೋಡಾನ ಅಂತ ಜೀವ ಇಡ್ಕಂಡು ಬಂದೆ. ಈಗ ನೀನೂ ಬರೀ ಕಣ್ಣೇ ತೋರುಸ್ತೀಯಲ್ಲಾ. ನಂಗೆ ಅದು ತಿರ್ಗಾ ಬಂದಿದ್ರೆ ಯೋಳ್ಬುಡು. ನಾನೇನ್ ಅಳಾಕಿಲ್ಲ.”

ಮುನಿರಾಜಣ್ಣನ ಕೈ ಕಿವಿಯ ಹಿಂದೆ ಹೋಯಿತು, ಮತ್ತೆ ಕೆಳಗಿಳಿಯಿತು. ಗೌರಮ್ಮ ದೇವರ ಫೋಟೋ ಕಡೆ ತಿರುಗಿ ನಿಂತುಬಿಟ್ಟರು. ಆಮೇಲೆ ಮುನಿರಾಜಣ್ಣ ಕಣ್ಣು ಮುಚ್ಚಿಕೊಂಡು ಮಾಸ್ಕು ಎಳೆದು ತೆಗೆದರು. ಎಡಗಡೆ ಹುಲ್ಲು ಮೊಳೆತ ಹಾಗೆ ನಾಲ್ಕು ಬಿಳಿ ಕೂದಲು, ಬಲಗಡೆ ಕೂಸಿನ ಹಾಗೆ ನುಣುಪು. ಅಳುತ್ತಲೇ ಬಣ್ಣ, ಟ್ಯಾಂಕರು, ಡಾಕ್ಟರು ಎಲ್ಲವನ್ನೂ ಹೇಳಿಕೊಂಡರು. ತಪ್ಪಾಯ್ತು ಕಣಪ್ಪ, ನೀನು ಬದುಕಿರುವಾಗಲೇ ಬೋಳಿಸಿಬಿಟ್ಟೆ ಅಂದರು.

ತಾತ ಬಹಳ ಹೊತ್ತು ನೋಡಿದರು.

“ಓಗಿದ್ದು ಮೀಸೆನಾ?” ಅಂದರು ತಾತ. “ಥೂ ನಿನ್ನ. ನಾನು ಓಯ್ತಾ ಇದ್ದೀನಿ ಅಂದ್ಕಂಡಿದ್ನಲ್ಲೋ.”

ಅಂದವರೇ ತೆರೆದ ಬಾಯಿಗೆ ಬೇವುಬೆಲ್ಲ ತುರುಕಿದರು. ಬೆಲ್ಲಕ್ಕಿಂತ ಬೇವೇ ಜಾಸ್ತಿ ಇತ್ತು ಅಂತ ಕಾಣುತ್ತದೆ, ಮುನಿರಾಜಣ್ಣನ ಮುಖ ಕಿವುಚಿತು. ತಾತ ಟವಲಿನಲ್ಲಿ ತಮ್ಮ ಕಣ್ಣು ಒರೆಸಿಕೊಂಡು, ಅದೇ ಟವಲಿನಲ್ಲಿ ಮಗನ ಮೂಗನ್ನೂ ಒರೆಸಿದರು. ಆಮೇಲೆ ಗೌರಮ್ಮನನ್ನು ಕರೆದು ಹೋಳಿಗೆ ಬಡಿಸು ಅಂದರು. ಅವತ್ತು ಅವರು ತಿಂದದ್ದು ನೋಡಿ ಪಲ್ಲವಿ ನಡುವೆ ತಟ್ಟೆ ಎತ್ತಿಡಬೇಕಾಯಿತು.

ಆದರೆ ಗೌರಮ್ಮನ ಚಿಂತೆ ಮುಗಿದಿರಲಿಲ್ಲ. ನಿಶ್ಚಿತಾರ್ಥಕ್ಕೆ ಬೀಗರು ಬರುತ್ತಾರೆ, ನೆಂಟರು ಬರುತ್ತಾರೆ. ಅಪ್ಪ ಬದುಕಿರುವಾಗ ಮೀಸೆ ಬೋಳಿಸಿದ ಮಗ ಅಂತ ಆಡಿಕೊಳ್ಳುತ್ತಾರೆ, ಮಗಳ ಶುಭಕಾರ್ಯಕ್ಕೆ ಅಪಶಕುನ ಅನ್ನುತ್ತಾರೆ. ಮಾಸ್ಕು ಹಾಕಿಸೋಣ ಅಂದರೆ ಊರಲ್ಲಿ ಯಾರೂ ಹಾಕುತ್ತಿಲ್ಲ. ಹೋಳಿಗೆಗೆ ತುಪ್ಪ ಹಾಕುತ್ತಲೇ ಇದನ್ನೆಲ್ಲ ಮಾವನ ಎದುರು ತೋಡಿಕೊಂಡರು. ತಾತ ಕೈ ತೊಳೆದುಕೊಂಡು ಬಂದು, ಸಲೂನಿನ ಮಂಜಣ್ಣನಿಗೆ ನಾಳೆ ಬೆಳಿಗ್ಗೆ ಬರಲು ಹೇಳಿ ಅಂದರು.

ಮರುದಿನ ವರ್ಷತೊಡಕು. ಬೀದಿಗೆ ಬೀದಿಯೇ ಬಾಡೂಟದ ಮಸಾಲೆ ಹುರಿಯುತ್ತಿತ್ತು. ಮಂಜಣ್ಣ ಹೊಂಗೆಮರದ ಕೆಳಗೆ ಕುರ್ಚಿ ಹಾಕಿ, ಮುನಿರಾಜಣ್ಣನ ಉಳಿದ ನಾಲ್ಕು ಕೂದಲು ತೆಗೆಯಲು ಕರೆದಿದ್ದಾರೆ ಅಂದುಕೊಂಡು ಸೋಪಿನ ನೊರೆ ಕಲಸುತ್ತಿದ್ದ. ಆದರೆ ಕುರ್ಚಿಯಲ್ಲಿ ಬಂದು ಕೂತವರು ತಾತ. ಮೊದಲು ನನ್ನದು ತೆಗಿ ಅಂದರು. ಮಂಜಣ್ಣ ಕತ್ತಿ ಕೆಳಗಿಟ್ಟು ಕೈಮುಗಿದುಬಿಟ್ಟ. ನಿಮ್ಮ ಮೀಸೆ ಮುಟ್ಟಲು ನನ್ನಿಂದ ಆಗುವುದಿಲ್ಲ ತಾತ ಅಂದ. ಗೇಟಿನ ಹತ್ತಿರ ಜನ ಸೇರಿತು. ಪ್ರಕಾಶ ಬಂದ, ಮೇಷ್ಟ್ರು ಎರಡೂ ಮಾಸ್ಕು ಇಳಿಸಿಕೊಂಡು ಬಂದರು. ಮೇಷ್ಟ್ರ ಮುಖ ಅವತ್ತೇ ಮೊದಲು ನೋಡಿದ್ದು ನಾನು. ಇಷ್ಟು ಸಾಧು ಮುಖ ಇರಬಹುದು ಅಂದುಕೊಂಡಿರಲಿಲ್ಲ.

“ಮಗ ಬೋಳ್ಸುದ್ರೆ ಅಪ್ಪ ಸತ್ತ ಅಂತಾರೆ,” ಅಂದರು ತಾತ, ಎಲ್ಲರಿಗೂ ಕೇಳಿಸುವ ಹಾಗೆ. “ಅಪ್ಪಾನೂ ಬೋಳ್ಸುದ್ರೆ ಏನಂತಾರೆ? ಅದ್ಕೆ ಯಾರೂ ಏನೂ ಯೋಳಿಲ್ಲ. ತೆಗಿಯೋ ಮಂಜ. ಬೀಗರು ಬಂದು ಕೇಳುದ್ರೆ ಈ ವರ್ಸ ನಮ್ಮನೆ ಗಂಡುಸ್ರು ಇಂಗೇ ಅಂತೀನಿ.”

ಮುನಿರಾಜಣ್ಣ ಬೇಡಪ್ಪ ಅಂತ ಕೈ ಹಿಡಿದುಕೊಂಡರು. ತಾತ ಆ ಕೈಯನ್ನು ತೆಗೆದು ತಮ್ಮ ತೊಡೆಯ ಮೇಲೆ ಇಟ್ಟುಕೊಂಡರು. ಮಂಜಣ್ಣ ಕೊನೆಗೂ ಕತ್ತಿ ಎತ್ತಿಕೊಂಡ. ತಮ್ಮ ಅಪ್ಪ ತೀರಿಕೊಂಡ ಮೇಲೆ, ಮದುವೆಯಾದ ಹೊಸದರಲ್ಲಿ ಬಿಟ್ಟದ್ದಂತೆ ಆ ಮೀಸೆ. ಬಿಳಿ ಕೂದಲು ಟವಲಿನ ಮೇಲೆ ಉದುರಿತು. ಆಮೇಲೆ ಮುನಿರಾಜಣ್ಣನ ನಾಲ್ಕು ಕೂದಲೂ ಹೋದವು. ಮಂಜಣ್ಣ ಇಬ್ಬರಿಗೂ ಸ್ಫಟಿಕ ಉಜ್ಜಿ, ಕನ್ನಡಿ ತಾತನ ಕೈಗೆ ಕೊಟ್ಟ.

ತಾತ ಕನ್ನಡಿ ನೋಡಿಕೊಂಡು ನಗುತ್ತಾರೆ ಅಂತ ನಾವೆಲ್ಲ ಕಾದೆವು. ಅವರು ನಗಲಿಲ್ಲ. ಕನ್ನಡಿಯಲ್ಲಿ ಒಮ್ಮೆ ನೋಡಿದರು, ಮಗನ ಮುಖ ಒಮ್ಮೆ ನೋಡಿದರು. ಮತ್ತೆ ಕನ್ನಡಿ, ಮತ್ತೆ ಮಗ. ನಾನೂ ಆಗಲೇ ಗಮನಿಸಿದ್ದು, ಇಬ್ಬರ ಮೇಲ್ತುಟಿಯೂ ಒಂದೇ ಥರ, ನಡುವೆ ಸಣ್ಣಗೆ ಮೇಲಕ್ಕೆ ಎತ್ತಿದ ಹಾಗೆ, ಇನ್ನೇನು ನಗುವವರ ಹಾಗೆ. ತಾತ ಕನ್ನಡಿ ತೊಡೆಯ ಮೇಲಿಟ್ಟು ಎರಡು ಬೆರಳಿನಿಂದ ಮಗನ ತುಟಿ ಮುಟ್ಟಿದರು.

“ನಮ್ಮವ್ವನ ಬಾಯಿ ಕಣ್ಲಾ ಇದು,” ಅಂದರು. “ನಾನು ಸಣ್ಣೋನಿದ್ದಾಗ್ಲೇ ಓಗ್ಬುಟ್ಳು. ಒಂದ್ ಪಟಾನೂ ಇಲ್ಲ. ಎಂಗಿದ್ಳು ಅನ್ನೋದೇ ಮರ್ತೋಗಿತ್ತು.”

ಡಾಕ್ಟರು ಹೊಸ ಮುಲಾಮು ಬರೆದುಕೊಟ್ಟಿದ್ದಾರೆ, ಸ್ವಲ್ಪ ದಿನದಲ್ಲಿ ಎರಡೂ ಕಡೆ ಸಮನಾಗಿ ಬರುತ್ತದಂತೆ ಅಂತ ಮುನಿರಾಜಣ್ಣ ತೊದಲಿದರು. ತಾತ ಬೆರಳು ತೆಗೆಯಲಿಲ್ಲ.

“ಈಗ್ಲೇ ಬೆಳುಸ್ಬ್ಯಾಡ ಕಣ್ಲಾ,” ಅಂದರು. “ಇನ್ನೊಂದೀಟು ದಿವ್ಸ ನೋಡ್ಕತೀನಿ.”